ನಿಮಗಿದು ಗೊತ್ತೆ?: ಎಂಜಿನ್ ಒಳಗಿನ ಸುಣ್ಣಕ್ಕೆ ಹುಳಿಯೇ ಮದ್ದು

● ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ನೀರು ಕಾದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಗಟ್ಟಿ ಪದರವಾಗಿ ಕೂರುತ್ತದೆ.

● ಈ ಪದರ ಶಾಖವನ್ನು ಸುಲಭವಾಗಿ ದಾಟಿಸದು. ಹಾಗಾಗಿ ತಣಿಸುವ ನೀರು ಹರಿಯುತ್ತಿದ್ದರೂ ಡೀಸೆಲ್ ಪಂಪ್‌ಸೆಟ್‌ನ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ. ಸಮುದ್ರದ ನೀರಿನಿಂದಲೇ ತಣಿಯುವ ದೋಣಿಯ ಔಟ್‌ಬೋರ್ಡ್ ಎಂಜಿನ್‌ಗೆ ಉಪ್ಪಿನ ಕಾಟವೂ ಸೇರುತ್ತದೆ. ಬಳಸಿದ ಮೇಲೆ ಸಿಹಿನೀರು ಹಾಯಿಸುವುದು ಅದಕ್ಕೇ.

● ವಿನೆಗರ್ ಅಥವಾ ಸಿಟ್ರಿಕ್ ಆಮ್ಲದ ದ್ರಾವಣ ಸುಣ್ಣವನ್ನು ಕರಗಿಸುತ್ತದೆ. ಏಳುವ ನೊರೆ ಇಂಗಾಲದ ಡೈಆಕ್ಸೈಡ್. ನೊರೆ ನಿಂತರೆ ಸುಣ್ಣವೋ ಆಮ್ಲವೋ ಮುಗಿಯಿತೆಂದು ಅರ್ಥ.

● ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಂಥ ತೆಂಗಿನ ಸೀಮೆಯ ಊರಿನಲ್ಲಿ ವಿನೆಗರನ್ನು ಎಳನೀರಲ್ಲದ ತೆಂಗಿನ ನೀರಿನಿಂದಲೇ ಮಾಡಿಕೊಳ್ಳಬಹುದು. ಬಲಿತ ಕಾಯಿಯ ನೀರಿಗೆ ಸಕ್ಕರೆ ಬೆರೆಸಿ ಹುಳಿಸಿದರೆ ಸುಮಾರು 4% ಅಸಿಟಿಕ್ ಆಮ್ಲವಿರುವ ವಿನೆಗರ್ ಸಿದ್ಧವಾಗುತ್ತದೆ. ಆದರೆ ಉಂಡೆ ಕೊಬ್ಬರಿಗೆ ಅಟ್ಟದಲ್ಲಿಟ್ಟ ಕಾಯಿಯಲ್ಲಿ ನೀರು ಒಳಗೇ ಇಂಗಿಹೋಗುವುದರಿಂದ ಅದು ವಿನೆಗರ್‌ಗೆ ಒದಗದು.

● ಹನಿ ನೀರಾವರಿಯ ಪೈಪ್‌ಗಳಿಗೂ ಇದೇ ಬಗೆಯ ಆಮ್ಲೋಪಚಾರವುಂಟು. ಆಮ್ಲವನ್ನು ನೀರಿಗೆ ಸುರಿಯಬೇಕು, ನೀರನ್ನು ಆಮ್ಲಕ್ಕಲ್ಲ.

● ಎಚ್ಚರ: ಹೈಡ್ರೊಕ್ಲೋರಿಕ್ ಆಮ್ಲ ಅಲ್ಯೂಮಿನಿಯಂ ಭಾಗಗಳನ್ನೇ ತಿನ್ನುತ್ತದೆ. ಬ್ಲೀಚಿಂಗ್ ಪುಡಿಗೆ ಯಾವ ಆಮ್ಲ ತಾಗಿದರೂ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.