ಹೂಳಿನ ಲೆಕ್ಕಾಚಾರ

ಮಳೆಗಾಲದಲ್ಲಿ ಮಲೆನಾಡಿನಿಂದ ಇಳಿದು ಬರುವ ತುಂಗಭದ್ರೆ ನೀರಿನೊಡನೆ ಮಣ್ಣನ್ನೂ ಹೊತ್ತು ತರುತ್ತಾಳೆ. ಹೊಸಪೇಟೆಯ ಬಳಿಯ ಜಲಾಶಯದಲ್ಲಿ ಹರಿವಿನ ವೇಗ ತಗ್ಗಿದೊಡನೆ ಆ ಮಣ್ಣು ತಳಕ್ಕಿಳಿದು ಹೂಳಾಗುತ್ತದೆ. ಮೊದಲಿಗೆ ಸುಮಾರು 133 ಟಿ.ಎಂ.ಸಿ. ಇದ್ದ ಈ ಜಲಾಶಯದ ಸಾಮರ್ಥ್ಯ 2016ರ ಅಳತೆಯ ವೇಳೆಗೆ ಸುಮಾರು 105ಕ್ಕೆ ಇಳಿದಿತ್ತು. ಈ ಕೊರತೆಯ ಬಿಸಿ ಮೊದಲು ತಟ್ಟುವುದು ಕಾಲುವೆಯ ಕೊನೆಯ ಭಾಗದ ರೈತನಿಗೆ. ಆದ್ದರಿಂದ ಹೂಳು ಎಲ್ಲಿ, ಎಷ್ಟು ಬೇಗ ಕೂಡುವುದೆಂದು ಗಣಕಯಂತ್ರದಿಂದ ಮುಂದಾಗಿ ತಿಳಿಯುವ ವಿದ್ಯೆ ಬರಿಯ ಪಂಡಿತರ ವಿನೋದವಲ್ಲ.

ಈ ವಿದ್ಯೆಯ ಮೊದಲ ಪ್ರಶ್ನೆ ಇದು: ಹರಿಯುವ ನೀರಿನೊಳಗಿನ ಕಣಗಳನ್ನು ಬಿಡಿಬಿಡಿಯಾಗಿ ಹಿಂಬಾಲಿಸಬೇಕೆ, ಇಲ್ಲವೆ ಇಡಿಯಾಗಿ ನೋಡಬೇಕೆ? ಒಂದು ಲೀಟರ್ ನೀರಿನಲ್ಲಿ ಒಂದೇ ಗ್ರಾಂ ಮಣ್ಣಿದ್ದು, ಕಣದ ವ್ಯಾಸ 0.02 ಮಿಲಿಮೀಟರ್ ಎಂದುಕೊಳ್ಳೋಣ. ಆ ಒಂದು ಲೀಟರಿನಲ್ಲಿಯೇ ಸುಮಾರು 9 ಕೋಟಿ ಕಣಗಳಿರುತ್ತವೆ. ಇಡೀ ಜಲಾಶಯದ ಕಣಗಳನ್ನು ಹಿಂಬಾಲಿಸಬಲ್ಲ ಯಂತ್ರ ಎಲ್ಲಿಯೂ ಇಲ್ಲ.

ಅದರ ಅಗತ್ಯವೂ ಇಲ್ಲ. ಇಂಥ ಸಣ್ಣ ಕಣ ನೀರು ಹೋದತ್ತ ಹೋಗುತ್ತದೆ. 1851ರಲ್ಲಿ ಸ್ಟೋಕ್ಸ್ ಕಂಡುಕೊಂಡ ನಿಯಮದಂತೆ, ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಅದಕ್ಕೆ ಸುಮಾರು ಮುಕ್ಕಾಲು ಗಂಟೆ ಬೇಕು. ಆದ್ದರಿಂದ ಮಣ್ಣನ್ನು ನೀರಿನಲ್ಲಿ ಬೆರೆತ ಒಂದು ಸಾಂದ್ರತೆಯೆಂದು ಬಗೆದು, ಇಳಿಯುವ ವೇಗವನ್ನು ಸೇರಿಸಿಕೊಂಡರೆ ಜಲಾಶಯದ ಲೆಕ್ಕ ನಡೆಯುತ್ತದೆ.

ಕಣ ದಪ್ಪವಾಗಿದ್ದರೆ ಮಾತು ಬೇರೆ. ವಿದ್ಯುದಾಗಾರದ ಕೊಳವೆಯ ತಿರುವಿನಲ್ಲಿ ನೀರು ಹೊರಳಿದರೂ ಮರಳು ತನ್ನ ಜಡತ್ವದಿಂದ ಮುಂದೆ ಸಾಗಿ ಗೋಡೆಯನ್ನು ಸವೆಸುತ್ತದೆ. ಇಲ್ಲಿ ಕಣಗಳ ಹಾದಿಯನ್ನೇ ಹಿಡಿಯಬೇಕು. ಸಾವಿರಾರು ಕಣಗಳಿಗೆ ಒಂದನ್ನು ಪ್ರತಿನಿಧಿಯಾಗಿ ಆರಿಸಿಕೊಳ್ಳಬಹುದು. ಒಟ್ಟು ಗಾತ್ರದಲ್ಲಿ ಕಣಗಳ ಪಾಲು ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆಯಿದ್ದರೆ ಅವು ಹರಿವನ್ನು ಬದಲಿಸವು. ಅದನ್ನು ಮೀರಿದರೆ ಕಣವೂ ನೀರಿನ ಮೇಲೆ ಪ್ರಭಾವ ಬೀರುತ್ತದೆ. ಸಾವಿರಕ್ಕೆ ಒಂದನ್ನು ಮೀರಿದರೆ ಕಣಕಣಗಳ ಘರ್ಷಣೆಯನ್ನೂ ಲೆಕ್ಕಕ್ಕೆ ತರಬೇಕು ಎಂಬುದು ತಜ್ಞರು ಬಳಸುವ ಸ್ಥೂಲ ನಿಯಮ.

ತಳದಲ್ಲಿ ಒತ್ತೊತ್ತಾಗಿ ಕುಳಿತ ಮರಳು ಹೇಗೆ ಕದಲುತ್ತದೆ ಎಂದು ಅರಿಯಬೇಕಾದರೆ ಪ್ರತಿ ಕಣದ ಸ್ಪರ್ಶವನ್ನೂ ಗಣಿಸಬೇಕು. ಈ ವಿಧಾನವನ್ನು ಕಂಡಲ್ ಮತ್ತು ಸ್ಟ್ರ್ಯಾಕ್ 1979ರ ತಮ್ಮ ಪ್ರಸಿದ್ಧ ಲೇಖನದಲ್ಲಿ ವಿವರಿಸಿದರು. ಅದು ಬಲು ದುಬಾರಿಯಾದದ್ದು. ಕ್ಷಣದ ಅತಿ ಸೂಕ್ಷ್ಮ ಭಾಗಗಳಲ್ಲಿ ಹೆಜ್ಜೆಯಿಡಬೇಕಾಗುವುದರಿಂದ ಅಂಗೈಯಗಲದ ತಳಕ್ಕೇ ದಿನಗಟ್ಟಲೆ ಹಿಡಿಯಬಹುದು. ಆದರೆ ಅಲ್ಲಿ ಕಲಿತ ನಿಯಮವನ್ನು ಜಲಾಶಯದ ದೊಡ್ಡ ಲೆಕ್ಕದೊಳಗೆ ಸೇರಿಸಬಹುದು.

ಅತಿ ಸೂಕ್ಷ್ಮವಾದ ವಿಧಾನವೇ ಅತ್ಯುತ್ತಮವೆಂದು ತಿಳಿಯಬೇಕಾಗಿಲ್ಲ. ಪ್ರಶ್ನೆ ಯಾವುದು, ಕಣ ಎಷ್ಟು ದೊಡ್ಡದು, ದಟ್ಟಣೆ ಎಷ್ಟು ಎಂಬ ಮೂರನ್ನು ಮೊದಲು ವಿಚಾರಿಸಿದವನಿಗೆ ವಿಧಾನವನ್ನು ಆರಿಸುವುದು ಕಷ್ಟವಾಗದು.