ಹಣೆಪಟ್ಟಿ ಬರೆಯುವ ಯಂತ್ರ

ನರ್ಸಿಂಗ್, ಫಾರ್ಮಸಿ, ಎಂಬಿಬಿಎಸ್ ಓದುತ್ತಿರುವ ನಮ್ಮ ಮಕ್ಕಳಿಗೆ ಪಬ್‌ಮೆಡ್ ಅಂದರೆ ಗೊತ್ತು. ಪ್ರಾಜೆಕ್ಟ್ ಕೊಟ್ಟರು ಅಂದರೆ ಮೊದಲು ಹುಡುಕುವುದೇ ಅಲ್ಲಿ. ಆದರೆ ಅದರ ಹಿಂದೆ ಒಂದು ಗ್ರಂಥಾಲಯ ಇದೆ, ಅಲ್ಲಿ ಮನುಷ್ಯರು ಮಾಡುತ್ತಿದ್ದ ಮುಖ್ಯ ಕೆಲಸವೊಂದು 2022ರಲ್ಲಿ ಯಂತ್ರದ ಕೈಗೆ ಹೋಯಿತು ಎಂಬುದನ್ನು ಹೆಚ್ಚಿನವರು ಗಮನಿಸಿಲ್ಲ.

ಅಮೆರಿಕದ ಬೆಥೆಸ್ಡಾದಲ್ಲಿರುವ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ ವೈದ್ಯಕೀಯಕ್ಕೆಂದೇ ಇರುವ ಗ್ರಂಥಾಲಯ. 1836ರಲ್ಲಿ ಸೇನೆಯ ವೈದ್ಯಾಧಿಕಾರಿಯ ಕಚೇರಿಯಲ್ಲಿ ಸಣ್ಣ ಪುಸ್ತಕ ಸಂಗ್ರಹವಾಗಿ ಶುರುವಾಯಿತು. 1879ರಿಂದ ವೈದ್ಯಕೀಯ ಲೇಖನಗಳ ಸೂಚಿಯನ್ನು ಅಚ್ಚು ಹಾಕಿಸತೊಡಗಿತು. 1960ರಲ್ಲಿ 'ಮೆಶ್' ಎಂಬ ಪದಪಟ್ಟಿ ಬಂತು. ಇವತ್ತು ಅದರಲ್ಲಿ 30,000ಕ್ಕೂ ಹೆಚ್ಚು ವಿಷಯ ಶೀರ್ಷಿಕೆಗಳಿವೆ.

ಈ ಶೀರ್ಷಿಕೆಗಳು ಲೇಖನದ ಹಣೆಪಟ್ಟಿ ಇದ್ದ ಹಾಗೆ. ಒಬ್ಬರು 'ಹಾರ್ಟ್ ಅಟ್ಯಾಕ್' ಅಂತ ಬರೆದಿರುತ್ತಾರೆ, ಇನ್ನೊಬ್ಬರು 'ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್' ಅಂತ. ಎರಡಕ್ಕೂ ಒಂದೇ ಹಣೆಪಟ್ಟಿ ಇದ್ದರೆ ನೀವು ಯಾವ ಪದ ಹಾಕಿದರೂ ಎರಡೂ ಸಿಗುತ್ತವೆ. ಪಟ್ಟಿ ತಪ್ಪಾದರೆ? ಲೇಖನ ಅಲ್ಲೇ ಇರುತ್ತದೆ, ಆ ಪಟ್ಟಿಯ ಮೂಲಕ ಹುಡುಕುವವರಿಗೆ ಮಾತ್ರ ಕಾಣಿಸುವುದಿಲ್ಲ. ಬೇರೆ ಕಪಾಟಿನಲ್ಲಿಟ್ಟ ಪುಸ್ತಕ ಕಳೆದುಹೋದಂತೆಯೇ ಲೆಕ್ಕ.

ಹಿಂದೆ ತರಬೇತಿ ಪಡೆದ ಸೂಚೀಕಾರರು ಲೇಖನವನ್ನೇ ಕೈಗೆತ್ತಿಕೊಂಡು ನೋಡಿ ಪಟ್ಟಿ ಹಚ್ಚುತ್ತಿದ್ದರು. 2002ರಿಂದ ಒಂದು ತಂತ್ರಾಂಶ ಅವರಿಗೆ ಬರೀ ಸಲಹೆ ಕೊಡುತ್ತಿತ್ತು. ಆದರೆ ವರ್ಷಕ್ಕೆ ಹತ್ತು ಲಕ್ಷದಷ್ಟು ಹೊಸ ಲೇಖನಗಳು ಬಂದು ಬಿದ್ದರೆ ಮನುಷ್ಯರ ಕೈಯಲ್ಲಿ ಎಷ್ಟಾದೀತು? ಲೇಖನಗಳು ಸರದಿಯಲ್ಲಿ ಕಾಯುತ್ತಿದ್ದವು. ಈಗ ಯಂತ್ರವೇ ಪಟ್ಟಿ ಹಚ್ಚುತ್ತದೆ, ಸಾಮಾನ್ಯವಾಗಿ ಒಂದು ದಿನದೊಳಗೆ. ಕೆಲವನ್ನು ಮಾತ್ರ ತಜ್ಞರು ತಿರುಗಿ ನೋಡಿ ತಿದ್ದುತ್ತಾರೆ. ಹಿಂದೆ ಮನುಷ್ಯರು ಪಟ್ಟಿ ಹಚ್ಚಿದ ಲಕ್ಷಾಂತರ ಲೇಖನಗಳಿಂದಲೇ ಈ ಯಂತ್ರ ಪಾಠ ಕಲಿತದ್ದು. ಆ ಸೂಚೀಕಾರರ ಹೆಸರು ಎಲ್ಲೂ ಬರುವುದಿಲ್ಲ, ಅದು ಬೇರೆ ಮಾತು.

ವೇಗ ಸಣ್ಣ ಲಾಭವಲ್ಲ. ಹೊಸ ರೋಗ ಹಬ್ಬುತ್ತಿರುವಾಗ ತಿಂಗಳುಗಟ್ಟಲೆ ಕಾಯಲು ಯಾವ ವೈದ್ಯರಿಗೂ ಆಗುವುದಿಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಯಂತ್ರ ಮುಖ್ಯವಾಗಿ ನೋಡುವುದು ಲೇಖನದ ಹೆಸರನ್ನು ಮತ್ತು ಸಾರಾಂಶವನ್ನು. ಔಷಧದ ಪ್ರಯೋಗ ನಡೆದದ್ದು ಗಂಡಸರ ಮೇಲೆ ಮಾತ್ರವೋ, ಹೆಂಗಸರೂ ಇದ್ದರೋ, ಇಲಿಗಳ ಮೇಲೋ ಎಂಬ ವಿವರ ಎಷ್ಟೋ ಸಲ ಒಳಗಿನ ಪುಟದಲ್ಲಿ ಇರುತ್ತದೆ. ಪೂರ್ತಿ ಲೇಖನ ತಿರುವಿ ಹಾಕಿದ ಸೂಚೀಕಾರರಿಗೆ ಅದು ಸಿಗುತ್ತಿತ್ತು. ಸಾರಾಂಶದಲ್ಲಿ ಬರೆಯದಿದ್ದರೆ ಯಂತ್ರಕ್ಕೆ ಅದು ಗೊತ್ತಾಗುವುದು ಹೇಗೆ? ಗರ್ಭಿಣಿಯರಿಗೆ ಒಂದು ಮಾತ್ರೆ ಸುರಕ್ಷಿತವೋ ಅಂತ ಹುಡುಕುವವರಿಗೆ ಇದು ತಲೆಹರಟೆ ಪ್ರಶ್ನೆ ಅಲ್ಲ.

ಹಾಗಾಗಿ ವಿದ್ಯಾರ್ಥಿಗಳು ಮೆಶ್ ಪದವೊಂದನ್ನೇ ನಂಬಿ ಕೂರಬೇಡಿ. ಅದರ ಜತೆಗೆ ಲೇಖಕರು ಬಳಸಬಹುದಾದ ಮಾಮೂಲಿ ಪದಗಳನ್ನೂ 'ಅಥವಾ' ಎಂಬ ಅರ್ಥದ 'ಆರ್' ಸೇರಿಸಿ ಹುಡುಕಿ. ಪಬ್‌ಮೆಡ್‌ನಲ್ಲಿರುವ ಎಲ್ಲ ಲೇಖನಕ್ಕೂ ಮೆಶ್ ಪಟ್ಟಿ ಇರುವುದಿಲ್ಲ, ಅವೂ ಆಗ ಸಿಗುತ್ತವೆ. ಪ್ರಾಣಿ, ಮನುಷ್ಯ, ಗಂಡು, ಹೆಣ್ಣು ಎಂಬ ಫಿಲ್ಟರ್‌ಗಳನ್ನು ಕೊನೆಗೆ ಬಳಸಿ, ಮೊದಲೇ ಬೇಡ. ಕಾಲೇಜಿನ ಲೈಬ್ರರಿಯನ್‌ರನ್ನು ಕೇಳಲು ಸಂಕೋಚ ಪಡಬೇಡಿ. ಹೋಗುವಾಗ ಚಾಟ್‌ಬಾಟ್ ಕೊಟ್ಟ ಲೇಖನಗಳ ಪಟ್ಟಿ ಇದ್ದರೆ ಅದನ್ನೂ ಒಯ್ಯಿರಿ. ಅದರಲ್ಲಿ ಯಾವುದು ನಿಜವಾಗಿ ಅಚ್ಚಾಗಿದೆ, ಯಾವುದು ಬರೀ ಹೆಸರು ಅಂತ ಐದು ನಿಮಿಷದಲ್ಲಿ ನೋಡಿ ಹೇಳುತ್ತಾರೆ.