ಪಿಗ್ಮಿ ಲೆಕ್ಕಕ್ಕೆ ಆರೇ ಪದ

ಕುಮಟಾ ಪೇಟೆಯ ಅಂಗಡಿಕಾರರಿಗೆ ಪಿಗ್ಮಿ ಠೇವಣಿಯ ಪರಿಚಯ ಹೇಳಬೇಕಿಲ್ಲ. ಡಾ. ಟಿ. ಎಂ. ಎ. ಪೈ ಮತ್ತು ಜೊತೆಗಾರರು ಉಡುಪಿಯಲ್ಲಿ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಉಳಿಸಿದರೂ ಸಾಕಿತ್ತು. ಏಜೆಂಟರು ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಬ್ಯಾಂಕಿನ ಗುಮಾಸ್ತನಾಗಿ ನಾನು ಇಂಥ ಯೋಜನೆಗಳನ್ನು ಬಹಳ ನೋಡಿದ್ದೇನೆ. ಹೆಸರು ಬೇರೆ, ಹುರುಳು ಒಂದೇ: ಎಷ್ಟು ಹಣ, ಯಾವ ದಿನ, ಯಾರಿಂದ ಯಾರಿಗೆ.

ಸೈಮನ್ ಪೇಟನ್ ಜೋನ್ಸ್, ಝಾನ್-ಮಾರ್ಕ್ ಎಬೇರ್, ಜೂಲಿಯನ್ ಸೀವರ್ಡ್ ಎಂಬ ಮೂವರು 2000ದಲ್ಲಿ ಇದನ್ನೇ ಕಂಪ್ಯೂಟರಿಗೆ ಹೇಳಿಕೊಟ್ಟರು. ಹಣಕಾಸಿನ ಕರಾರು ಬರೆಯಲು ಕೆಲವೇ ಪದಗಳ ಪುಟ್ಟ ಭಾಷೆ ಕಟ್ಟಿದರು. ಅದಕ್ಕೆ ಹೊಸ ವ್ಯಾಕರಣ ಮಾಡದೆ, ಹ್ಯಾಸ್ಕೆಲ್ ಎಂಬ ದೊಡ್ಡ ಭಾಷೆಯೊಳಗೇ ಇರಿಸಿದರು. ಜಮಾ, ಠೇವಣಿ, ಮುದ್ದತು ಎಂಬ ನಮ್ಮ ಬ್ಯಾಂಕಿನ ಮಾತು ಕನ್ನಡದೊಳಗೇ ಬದುಕಿದ ಹಾಗೆ.

ಹ್ಯಾಸ್ಕೆಲ್ ‘ಫಂಕ್ಷನಲ್’ ಭಾಷೆ. ಫಂಕ್ಷನ್ ಎಂದರೆ ಮಗ್ಗಿಯಂತೆ: ಏಳೆಂಟ್ಲಿ ಎಷ್ಟೆಂದು ಯಾವಾಗ ಕೇಳಿದರೂ 56. ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟು ಹೂಮಾಲೆಯಂತೆ ಪೋಣಿಸಬಹುದು.

ಮಕ್ಕಳೇ, ಅವರ ಮಾದರಿಯಲ್ಲೇ ಕನ್ನಡದಲ್ಲಿ ಆರು ಪದ ಇಟ್ಟುಕೊಳ್ಳೋಣ: ರೂಪಾಯಿ, ಪಟ್ಟು, ನಂತರ, ಮತ್ತು, ಅಥವಾ, ತಿರುಗಿಸು. ‘ರೂಪಾಯಿ’ ಎಂದರೆ ನನಗೆ ಒಂದು ರೂಪಾಯಿ ಬರಬೇಕು. ‘ತಿರುಗಿಸು’ ಎಂದರೆ ಬರಬೇಕಾದದ್ದು ಕೊಡಬೇಕಾದದ್ದಾಗುತ್ತದೆ. ಅಜ್ಜ ಇಂದು 1,000 ರೂಪಾಯಿ ಇಟ್ಟು ವರ್ಷದ ಮೇಲೆ 1,070 ಪಡೆಯುವ ಠೇವಣಿ ಹೀಗೆ:

ತಿರುಗಿಸು (1,000 ಪಟ್ಟು ರೂಪಾಯಿ) ಮತ್ತು 1 ವರ್ಷದ ನಂತರ (1,070 ಪಟ್ಟು ರೂಪಾಯಿ).

ಇಡೀ ಸಾಲಿಗೆ ಇನ್ನೊಂದು ‘ತಿರುಗಿಸು’ ಹಚ್ಚಿ. ಬ್ಯಾಂಕಿನ ಕಡೆಯ ಲೆಕ್ಕ ಸಿಕ್ಕಿತು! ಪಿಗ್ಮಿಯೂ ಇಂಥ ತುಂಡುಗಳ ಸರವೇ. ಹೊಸ ಯೋಜನೆ ಬಂದರೆ ಇದೇ ಪದಗಳನ್ನು ಬೇರೆ ರೀತಿ ಪೋಣಿಸಿದರಾಯಿತು. ಯಾವ ದಿನ ಎಷ್ಟು ಹಣ, ಇಂದು ಅದರ ಬೆಲೆಯೆಷ್ಟು ಎಂಬುದನ್ನು ಕಂಪ್ಯೂಟರು ಆ ಒಂದೇ ಬರಹದಿಂದ ಎಣಿಸಬಲ್ಲದು.

ಹಿರಿಯರು ಗಮನಿಸಬೇಕಾದ ಪದ ‘ಅಥವಾ’. ಆ ಭಾಷೆಯಲ್ಲಿ ಆಯ್ಕೆ ಕರಾರು ಹಿಡಿದವರದು. ‘ತಿರುಗಿಸು’ ಹಚ್ಚಿದರೆ ಎದುರಿನವರದು. ಅವಧಿಗೆ ಮುಂಚೆ ಹಣ ತೆಗೆಯಬಹುದೇ? ಬಡ್ಡಿ ಬದಲಾಗಬಹುದೇ? ತೀರ್ಮಾನ ಯಾರದು? ಉದ್ದನೆಯ ಫಾರ್ಮಿನ ಸಣ್ಣ ಅಕ್ಷರಗಳಲ್ಲಿ ಇದು ಅಡಗಿ ಕೂತಿರುತ್ತದೆ. ಸಹಿ ಹಾಕುವ ಮೊದಲು ಮೊಮ್ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಂಡು ಈ ಆರು ಪದಗಳಲ್ಲಿ ಬರೆದು ನೋಡಿ. ಯಾವ ಸಾಲು ಬರೆಯಲು ಬಾರದೋ ಅದನ್ನೇ ಕೌಂಟರಿನಲ್ಲಿ ಕೇಳಿ.